ಕಲೇಜಾ ಅಂದರೆ ಎಲ್ಲಿ?

ನಾನು ಡಾಕ್ಟರಿಕೆ ಓದಿದ್ದು ಉರ್ದುವಿನಲ್ಲಿ. ಈಗಿನವರಿಗೆ ಹೇಳಿದರೆ ಮುದುಕಿಗೆ ಅರಳು ಮರಳು ಎಂದುಕೊಳ್ಳುತ್ತಾರೆ. ಆದರೆ ನಿಜಾಮರ ಕಾಲದ ಹೈದರಾಬಾದಿನಲ್ಲಿ ಎಲುಬು, ನರ, ರಕ್ತ, ಜ್ವರ ಎಲ್ಲವನ್ನೂ ಹೇಳಿಕೊಡುತ್ತಿದ್ದದ್ದು ಆ ಭಾಷೆಯಲ್ಲೇ. ನಾರಾಯಣಪೇಟೆಯಲ್ಲಿ ವಕೀಲರಾಗಿದ್ದ ನಮ್ಮ ಅಪ್ಪ ಕೋರ್ಟಿನಲ್ಲಿ ವಾದ ಮಾಡುತ್ತಿದ್ದದ್ದು ಉರ್ದುವಿನಲ್ಲಿ, ಕಕ್ಷಿದಾರರ ಜೊತೆ ಜಗಳ ತೆಗೆಯುತ್ತಿದ್ದದ್ದು ತೆಲುಗಿನಲ್ಲಿ, ಮನೆಗೆ ಬಂದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದದ್ದು ಕನ್ನಡದಲ್ಲಿ. ಮಗಳು ಮೂರು ಭಾಷೆಯಲ್ಲಿ ತಲೆ ಓಡಿಸುವುದು ನಮ್ಮ ಮನೆಯಲ್ಲಿ ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ. ಡಾಕ್ಟರಾಗುತ್ತೇನೆ ಎಂದು ಹಠ ಹಿಡಿದದ್ದೇ ದೊಡ್ಡ ಸಂಗತಿಯಾಯಿತು. ಅವ್ವ ಅತ್ತಳು, ಸೋದರಮಾವ ಮುನಿಸಿಕೊಂಡ, ಅಪ್ಪ ಸುಮ್ಮನೆ ಹೋಗಿ ಅರ್ಜಿ ಬರೆದು ಬಂದರು.

ನಾನು ಕೊನೆಯ ವರ್ಷದಲ್ಲಿದ್ದಾಗ ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೂ ಮುಂಚೆ ರಜಾಕಾರರ ಗಲಾಟೆಗೆ ಹೆದರಿ ಅಪ್ಪ ನನ್ನನ್ನು ಹಾಸ್ಟೆಲಿನಿಂದ ಊರಿಗೆ ಕರೆತಂದಿದ್ದರು. ಗಲಾಟೆ ತಣ್ಣಗಾದ ಮೇಲೆ ಕಾಲೇಜಿಗೆ ಮರಳಿದರೆ ಗೋಡೆಗಳು ಅವೇ, ಮಂಚಗಳು ಅವೇ, ಭಾಷೆ ಮಾತ್ರ ಬೇರೆ. ಇನ್ನು ಮುಂದೆ ಪರೀಕ್ಷೆ ಇಂಗ್ಲಿಷಿನಲ್ಲಿ ಎಂದರು. ನಮಗೆ ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಬಾಯಿ ಬಿಟ್ಟರೆ ಬರುತ್ತಿರಲಿಲ್ಲ. ಅಪ್ಪನ ಕಪಾಟಿನಿಂದ ತಂದ ಹಳೆಯ ನಿಘಂಟನ್ನು ಎದುರಿಗಿಟ್ಟುಕೊಂಡು ನಾನು ಉರ್ದು ಪದಕ್ಕೊಂದು ಇಂಗ್ಲಿಷ್ ಪದ ಉರು ಹೊಡೆದೆ. ಜಿಗರ್ ಅಂದರೆ ಲಿವರ್. ಕಲೇಜಾ ಅಂದರೂ ಲಿವರ್. ಸ್ನಾನ ಮಾಡುವಾಗಲೂ ಬಾಯಲ್ಲಿ ಅದೇ ಜಪ.

ಪರೀಕ್ಷೆಯ ದಿನ ನನ್ನ ಪಾಲಿಗೆ ಬಂದದ್ದು ಹಳೇ ಶಹರದ ಒಬ್ಬ ಹೆಂಗಸು. ಕಾಯಿಲೆ ಏನೆಂದು ಕೇಳಿದೆ. ಆಕೆ ಹೈದರಾಬಾದಿನ ಆಡುಮಾತಿನ ಉರ್ದುವಾದ ದಖ್ಖನಿಯಲ್ಲಿ "ಕಲೇಜೆ ಮೇ ಕೈಸಾಕಿ ಹೋತಾ" ಎಂದಳು. ಕಲೇಜಾದಲ್ಲಿ ಹೇಗೋ ಹೇಗೋ ಆಗುತ್ತದೆ ಎಂದು ಅದರ ಅರ್ಥ. ಕಲೇಜಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಉರು ಹೊಡೆದ ಲಿವರ್ ನಾಲಿಗೆಯ ತುದಿಗೆ ಬಂದು ನಿಂತಿತು. ಸಂತೋಷದಿಂದ ಅವಳ ಬಲ ಪಕ್ಕೆಯ ಕೆಳಗೆ ಬೆರಳೊತ್ತಿದೆ. ಲಿವರ್ ಊದಿತ್ತು, ಮುಟ್ಟಿದರೆ ನೋಯುತ್ತಿತ್ತು. ನನಗೆ ಹಬ್ಬವಾಯಿತು. ಮದರಾಸಿನ ಕಡೆಯಿಂದ ಬಂದಿದ್ದ ಪರೀಕ್ಷಕರ ಮುಂದೆ ಲಿವರಿನ ರೋಗಗಳನ್ನೆಲ್ಲ ಒಂದೊಂದಾಗಿ ಹರವಿ ಕೂತೆ.

ಅವರು ಎಲ್ಲವನ್ನೂ ಕೇಳಿ, ತಮ್ಮ ಸ್ಟೆತಾಸ್ಕೋಪನ್ನು ಆ ಹೆಂಗಸಿನ ಎದೆಯ ಮೇಲಿಟ್ಟು, ಅದರ ಕೊಳವೆಗಳನ್ನು ನನ್ನ ಕಿವಿಗೆ ಸಿಕ್ಕಿಸಿದರು. ಹೃದಯದ ಒಂದು ಬಾಗಿಲು ಸರಿಯಾಗಿ ತೆರೆಯದೆ ಗುರುಗುಡುವ ಸದ್ದು ಅಷ್ಟು ಸ್ಪಷ್ಟವಾಗಿತ್ತು. ರೋಗ ಇದ್ದದ್ದು ಎದೆಯಲ್ಲಿ; ಲಿವರ್ ಊದಿದ್ದು ಅದರ ಫಲ. ಲಿವರ್ ಹುಡುಕಿದಿರಿ ಸರಿ, ಹೃದಯ ಎಲ್ಲಿ ಬಿಟ್ಟುಬಂದಿರಿ ಎಂದು ಕೇಳಿದರು. ಫೇಲಾದೆ.

ದಖ್ಖನಿ ಆಡುವ ಯಾವ ಹೆಂಗಸಿಗೂ ಕಲೇಜಾ ಅಂದರೆ ಎದೆ, ಜೀವ, ಒಳಗೆ ಡವಗುಟ್ಟುವ ಜಾಗ. ಕಟುಕರ ಅಂಗಡಿಯಲ್ಲಿ ಮತ್ತು ನಿಘಂಟಿನಲ್ಲಿ ಮಾತ್ರ ಅದು ಲಿವರ್. ಲಿಂಗ ಕಟ್ಟಿದ ಮನೆಯ ಹುಡುಗಿ ನಾನು, ಕಟುಕರ ಅಂಗಡಿಯ ಓಣಿಗೂ ಹೋದವಳಲ್ಲ. ಹೋಗಿಯೂ ಹೋಗಿ ಅವರ ಭಾಷೆಯನ್ನೇ ಪರೀಕ್ಷೆಗೆ ಒಯ್ದಿದ್ದೆ. ಇದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬಂದದ್ದು ಸಿಟ್ಟು, ನನ್ನ ಮೇಲೆ, ಇಂಗ್ಲಿಷಿನ ಮೇಲೆ, ಕಾಲೇಜಿನ ಗೋಡೆಗಳ ಮೇಲೆ.

ಊರಿಗೆ ಬಂದಾಗ ಅವ್ವ ರಾಯಚೂರಿನ ಕಡೆಯ ಒಂದು ಸಂಬಂಧ ನೋಡಿಟ್ಟಿದ್ದಳು. ಬಟ್ಟೆ ವ್ಯಾಪಾರದ ಮನೆ, ಒಳ್ಳೆಯ ಜನ. ಡಾಕ್ಟರಾದ ಸೊಸೆ ಅವರಿಗೆ ಬೇಡ, ಡಾಕ್ಟರಿಕೆಯಲ್ಲಿ ಫೇಲಾದ ಸೊಸೆ ಆಗಬಹುದು ಎಂದರಂತೆ. ಆ ಮಾತು ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಇನ್ನೊಂದು ಸಲ ಪರೀಕ್ಷೆಗೆ ಕೂರುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ. ಕೊನೆಗೆ ಅಪ್ಪನೇ ನಡುವೆ ಬಂದು ಫೈಸಲಾ ಹೇಳಿದರು: ಇನ್ನೊಂದು ಸಲ, ಒಂದೇ ಸಲ, ಆಗಲೂ ಆಗದಿದ್ದರೆ ಅವ್ವ ಹೇಳಿದ ಕಡೆ ತಲೆ ಬಾಗಬೇಕು. ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಏನು ಮಾಡಲಿ?

ಒಬ್ಬಳೇ ಕೂತು ಓದಿದರೆ ಮತ್ತೆ ನಿಘಂಟನ್ನೇ ಉರು ಹೊಡೆಯುತ್ತೇನೆ ಎಂಬುದು ನನಗೆ ಗೊತ್ತಿತ್ತು. ಯಾರಾದರೂ ಹೇಳಿಕೊಡುವವರು ಬೇಕಿತ್ತು. ಹಾಸ್ಟೆಲಿನಲ್ಲಿ ನಾವು ಹುಡುಗಿಯರು ಊಟಕ್ಕೆ ಕೂತಾಗಲೆಲ್ಲ ನಮ್ಮ ಮಾಸ್ತರರ ಪೋಸ್ಟ್‌ಮಾರ್ಟಂ ಮಾಡುತ್ತಿದ್ದೆವು. ಯಾರ ಪಾಠ ಚೆಂದ ಎಂದು ಕೇಳಿದರೆ ಎಲ್ಲರೂ ಒಬ್ಬ ದೊಡ್ಡ ಪ್ರೊಫೆಸರರ ಕಡೆ ಬೆರಳು ತೋರಿಸುತ್ತಿದ್ದೆವು. ಅವರು ಮಾತಾಡಿದರೆ ಮುಶಾಯಿರಾದಲ್ಲಿ ಕವಿತೆ ಕೇಳಿದ ಹಾಗೆ. ಆದರೆ ಯಾರ ಮುಂದೆ ನಿಂತು ನನಗಿದು ತಿಳಿಯಲಿಲ್ಲ ಎನ್ನಬಹುದು ಎಂದು ಕೇಳಿದರೆ, ಆ ಪ್ರೊಫೆಸರರ ಹೆಸರನ್ನು ಒಬ್ಬಳೂ ಹೇಳುತ್ತಿರಲಿಲ್ಲ. ಅದಕ್ಕೆ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ವಾರ್ಡಿನಲ್ಲಿ ಕಲಿಸುತ್ತಿದ್ದ ಇನ್ನೊಬ್ಬ ಮಾಸ್ತರರ ಹೆಸರು. ಕುಳ್ಳನೆಯ ಮನುಷ್ಯ, ಹಳೆಯ ಶೇರ್ವಾನಿ, ತರಗತಿಯಲ್ಲಿ ನಿಂತು ಭಾಷಣ ಮಾಡಲು ಬಾರದು. ಆದರೆ ತಪ್ಪು ಹೇಳಿದವಳನ್ನು ಅವರು ಹತ್ತು ಜನರ ಮುಂದೆ ನಗೆಪಾಟಲು ಮಾಡಿದ್ದನ್ನು ನಾನು ಕಂಡಿಲ್ಲ.

ಇಂಗ್ಲಿಷ್ ಬಂದ ಮೇಲೆ ಅವರನ್ನು ಕಾಲೇಜಿನಿಂದ ಎತ್ತಿ ಗದ್ವಾಲಿನ ದವಾಖಾನೆಗೆ ಹಾಕಿದ್ದರು. ಗದ್ವಾಲಿನಲ್ಲಿ ನನ್ನ ಸೋದರಮಾವನ ಮನೆ. ಹೋಗುತ್ತೇನೆ ಎಂದೆ. ಅಪ್ಪ ಮಕ್ತಲ್‌ವರೆಗೆ ಬಸ್ಸಿನಲ್ಲಿ, ಅಲ್ಲಿಂದ ಬಂಡಿಯಲ್ಲಿ ಕೃಷ್ಣೆಯ ದಂಡೆಯವರೆಗೆ ಬಂದರು. ಹರಿಗೋಲಿನ ಪುಟ್ಟಿಯವನು ಆಚೆ ದಡದಿಂದ ಬರುವುದು ತಡವಾಯಿತು. ನಾನು ಪುಟ್ಟಿ ಹತ್ತುವಾಗ ಅಪ್ಪ ಹೇಳಿದರು, "ನಿಮ್ಮವ್ವಗ ನಾ ಮಾತು ಕೊಟ್ಟೀನಿ. ಅದನ್ನ ಮುರಿಯೋ ಹಂಗ ಮಾಡಬ್ಯಾಡವಾ." ಮಾತು ಮುರಿಯುವ ಪ್ರಮೇಯವೇ ಬರದ ಹಾಗೆ ಪಾಸಾಗು ಎಂಬುದು ಅದರ ಅರ್ಥ ಎಂದು ನಾನು ತಿಳಿದುಕೊಂಡೆ.

ಮಾವನದು ಬೇರೆಯೇ ರಗಳೆ. ಆಗ ಊರೂರಲ್ಲಿ ಜನ ಒಬ್ಬರನ್ನೊಬ್ಬರು ಅಳೆದು ನೋಡುತ್ತಿದ್ದ ಕಾಲ. ತುರುಕರ ಡಾಕ್ಟರ ಹತ್ತಿರ ನಮ್ಮ ಹುಡುಗಿ ದಿನಾ ಹೋಗುವುದೆಂದರೆ ಪೇಟೆಯಲ್ಲಿ ಏನನ್ನುತ್ತಾರೋ ಎಂದು ಅವನ ಚಿಂತೆ. ಅತ್ತೆಯ ಮೂಲಕ ಹೇಳಿಸಿದ, ನಾನು ಕೇಳಿಸಿಕೊಳ್ಳಲಿಲ್ಲ. ಕಡೆಗೆ ಎದುರಿಗೇ ಬಂದು ಹೇಳಿದ, ನಾನೂ ಎದುರಿಗೇ ಉತ್ತರ ಕೊಟ್ಟೆ.

"ಮಾವ, ನಾ ಕಲಿಯಾಕ ಬಂದೀನಿ. ನೀ ಬ್ಯಾಡ ಅಂದ್ರ ಇವತ್ತೇ ಹೊಳಿ ದಾಟಿ ಹೋಗತೀನಿ. ಆದ್ರ ನಾ ಯಾಕ ಹೋದೆ ಅಂತ ನಿಮ್ಮ ಅಕ್ಕಗ ನೀನ ಹೇಳಬೇಕು."

ನಮ್ಮ ಅವ್ವನ ಬಾಯಿ ಎಂದರೆ ಮಾವನಿಗೆ ಸಿಡಿಲು. ಮರುದಿನದಿಂದ ಅವನೇ ಕೊಡೆ ಹಿಡಿದು ನನ್ನ ಕಾವಲಿಗೆ ಬರತೊಡಗಿದ. ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ, ಬಾಗಿಲೊಳಗೆ ನಾನು ಕಾಣುವ ಹಾಗೆ, ಮೊದಲ ದಿನಗಳಲ್ಲಿ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದ. ಬರಬರುತ್ತ ರೋಗಿಗಳನ್ನು ಸಾಲಿನಲ್ಲಿ ನಿಲ್ಲಿಸುವುದು, ಸಾಲು ತಪ್ಪಿಸಿದವರನ್ನು ತೆಲುಗಿನಲ್ಲಿ ಗದರುವುದು ಅವನ ಕೆಲಸವಾಯಿತು. ತನ್ನ ಊದಿದ ಕಾಲನ್ನೂ ಒಂದು ದಿನ ತೋರಿಸಿಕೊಂಡ. ಆಮೇಲೆ ಪೇಟೆಯಲ್ಲಿ ಯಾರಾದರೂ ಏನಾದರೂ ಅಂದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವನು ಅವನೇ.

ಮೊದಲ ದಿನ ಮಾಸ್ತರರು ನನ್ನನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆಯಲ್ಲಿ ನಡೆದದ್ದನ್ನೆಲ್ಲ ಹೇಳಿಸಿದರು. ಅವರು ಆಡುತ್ತಿದ್ದದ್ದು ಉರ್ದು ಒಂದೇ. ನಾನು ಪರೀಕ್ಷಕರನ್ನು ಬೈದೆ, ಕೇಳಿದರು. ಇಂಗ್ಲಿಷನ್ನು ಬೈದೆ, ಅದನ್ನೂ ಕೇಳಿದರು. ಈಗ ಸಮಾಧಾನ ಹೇಳುತ್ತಾರೆ ಅಥವಾ ಬೈಯುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಆ ಹೆಂಗಸು ಕಲೇಜಾ ಎಂದಾಗ ಅವಳ ಕೈ ಎಲ್ಲಿತ್ತು?

ನನಗೆ ಗೊತ್ತಿರಲಿಲ್ಲ. ಅವಳ ಮೂಗಿನ ನತ್ತು ನೆನಪಿತ್ತು, ಪರೀಕ್ಷಕರ ಕನ್ನಡಕ ನೆನಪಿತ್ತು, ಅವಳ ಕೈ ನೆನಪಿರಲಿಲ್ಲ. ನಾನು ನೋಡಿಯೇ ಇರಲಿಲ್ಲ. ನೋವು ಹೇಳುವಾಗ ಯಾರ ಕೈಯೂ ಸುಮ್ಮನಿರುವುದಿಲ್ಲ, ಅದು ನೋವಿನ ಜಾಗಕ್ಕೆ ಹೋಗಿಯೇ ಹೋಗುತ್ತದೆ ಎಂದರು ಮಾಸ್ತರರು. ಈಗ ನೀನು ಇಂಗ್ಲಿಷಿನಲ್ಲಿ ಫೇಲಾದೆಯೋ, ನೋಡುವುದರಲ್ಲಿ ಫೇಲಾದೆಯೋ ಎಂದರು. ಫೇಲಾದಾಗ ಬಾರದ ಅಳು ಆಗ ಬಂತು. ಅವರು ಅಳಬೇಡ ಎನ್ನಲಿಲ್ಲ. ಹೊರಗೆ ಹೋಗಿ ಮುಖ ತೊಳೆದು ಬಾ, ರೋಗಿಗಳು ಕಾಯುತ್ತಿದ್ದಾರೆ ಎಂದರು. ಮುಖ ತೊಳೆದು ಬಂದೆ.

ಅಂದಿನಿಂದ ಒಂದು ಕಾನೂನು. ರೋಗಿ ತನ್ನ ಕೈಯಿಂದ ಜಾಗ ತೋರಿಸುವವರೆಗೆ ನಾನು ಯಾವ ಭಾಷೆಯಲ್ಲೂ ಯಾವ ಅಂಗದ ಹೆಸರನ್ನೂ ಎತ್ತಕೂಡದು. ಇದು ಕೇಳಲು ಸುಲಭ. ಮಾನೋಪಾಡಿನ ಕಡೆಯಿಂದ ಬಂದ ಹೆಂಗಸು ಹೃದಯಕ್ಕೆ ತೆಲುಗಿನಲ್ಲಿ ಗುಂಡೆ ಎಂದರೆ ನಾಲಿಗೆ ತುರಿಸುತ್ತಿತ್ತು, ಮಕ್ತಲ್‌ನಿಂದ ಬಂದವನು ಹೊಟ್ಟಿ ಎಂದರೆ ಕೈ ಮುಂದೆ ಹೋಗುತ್ತಿತ್ತು. ಮಾಸ್ತರರು ತಮ್ಮ ಅಂಗೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ತಡೆಯುತ್ತಿದ್ದರು. ಹೊಟ್ಟಿ ಎಂದವನ ಬೆರಳು ನೋಡಿದರೆ ಸೊಂಟದ ಹಿಂದೆ ಇರುತ್ತಿತ್ತು.

ಅವರಿಗೆ ತೆಲುಗು ಬಾರದು, ಕನ್ನಡ ಬಾರದು. ಹಾಗಾಗಿ ನಾನು ಅವರ ಬಾಯಿ ಮತ್ತು ಕಿವಿಯಾದೆ. ಒಂದು ಬೆಳಿಗ್ಗೆ ನಮ್ಮ ನಾರಾಯಣಪೇಟೆಯ ಹತ್ತಿರದ ಮದ್ದೂರಿನ ಕಡೆಯ ತಾಯಿಯೊಬ್ಬಳು ಬಿಳಿಚಿಕೊಂಡ ಕೂಸನ್ನು ತಂದಳು. ಮಾಸ್ತರರು ನೋಡಿ ಮಲೇರಿಯಾ ಎಂದರು, ಔಷಧದ ಚೀಟಿಗೂ ಕೈ ಹಾಕಿದರು. ಅಷ್ಟರಲ್ಲಿ ಆ ತಾಯಿ ಕೂಸಿಗೆ ಬೈಯುತ್ತ, "ಮನಿ ಗ್ವಾಡಿ ಎಲ್ಲಾ ತಿಂದು ಮುಗಿಸೇತಿ" ಎಂದದ್ದು ನನ್ನ ಕಿವಿಗೆ ಬಿತ್ತು. ಕೂಸು ಮಣ್ಣು ತಿನ್ನುತ್ತದಂತೆ, ಗೋಡೆ ನೆಕ್ಕುತ್ತದಂತೆ ಎಂದು ಉರ್ದುವಿನಲ್ಲಿ ಹೇಳಿದೆ. ಅವರು ಚೀಟಿಯನ್ನು ಬದಿಗಿಟ್ಟು ಕೂಸನ್ನು ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಆ ತಾಯಿಗೆ ಕೇಳುವ ಹಾಗೆ, ನಾನು ತಪ್ಪಿದೆ, ಇದು ಜಂತಿನ ಕಾಟ ಎಂದರು. ತಾವು ತಪ್ಪಿದ್ದನ್ನೂ ಬಿಡದೆ ಅವಳಿಗೆ ಕನ್ನಡದಲ್ಲಿ ಹೇಳು ಎಂದು ನನಗೆ ಹೇಳಿದರು. ಆ ದೊಡ್ಡ ಪ್ರೊಫೆಸರರ ಬಾಯಲ್ಲಿ ನಾನು ತಪ್ಪಿದೆ ಎಂಬ ಮಾತನ್ನು ನಾವು ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ನಾನಂತೂ ಅವತ್ತೇ ಮನಸ್ಸಿನಲ್ಲಿ ಅವರ ಕಾಲಿಗೆ ಬಿದ್ದೆ.

ಇಷ್ಟಾದರೂ ನನಗೆ ಒಳಗೊಳಗೇ ಸಿಟ್ಟು. ಪರೀಕ್ಷೆ ಹತ್ತಿರ ಬರುತ್ತಿತ್ತು, ಇವರು ಇಂಗ್ಲಿಷಿನ ಮಾತೇ ಎತ್ತುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ: ನೀವು ಕಲಿಸುವುದೆಲ್ಲ ಚೆನ್ನಾಗಿದೆ, ನನ್ನ ಬಾಯಿಗೆ ಇಂಗ್ಲಿಷ್ ಯಾರು ಹಾಕುತ್ತಾರೆ? ಆಗ ಅವರು, ಈಗ ನೋಡಿದ ರೋಗಿಯ ಕಥೆಯನ್ನು ಕನ್ನಡದಲ್ಲಿ ಹೇಳು ಎಂದರು. ನಿಮಗೆ ಕನ್ನಡ ಬರುವುದಿಲ್ಲವಲ್ಲ ಎಂದೆ. ನಿನ್ನ ತಾಯಿಗೆ ಹೇಳುವ ಹಾಗೆ ಹೇಳು, ನಾನು ಕೇಳುತ್ತೇನೆ ಎಂದರು.

ಹುಚ್ಚು ಮನುಷ್ಯ ಎಂದುಕೊಂಡೇ ಶುರು ಮಾಡಿದೆ. ಯಾವಾಗಿನಿಂದ ಕೆಮ್ಮು, ಯಾವಾಗ ಜ್ವರ, ಉಸಿರು ಎಳೆದರೆ ಎಲ್ಲಿ ಹಿಡಿಯುತ್ತದೆ, ಹೀಗೆ. ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ನಡುವೆ ಒಂದು ಕಡೆ ಕೈ ಎತ್ತಿ ನಿಲ್ಲಿಸಿದರು. "ಭಾಷೆ ನನಗೆ ತಿಳಿಯಲಿಲ್ಲ, ಬೇಟಾ. ಆದರೆ ಇಲ್ಲಿ ನೀನು ಊಹೆ ಮಾಡಿದೆ."

ಆ ರೋಗಿಯ ಎಡಗಡೆಯ ಬೆನ್ನನ್ನು ನಾನು ತಟ್ಟಿ ನೋಡಿರಲಿಲ್ಲ. ನೋಡಿದವಳ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ. ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ, ಗೊತ್ತಿದ್ದದ್ದನ್ನು ನೀನು ನಿಧಾನ ಹೇಳುತ್ತೀಯ, ಗೊತ್ತಿಲ್ಲದ್ದನ್ನು ಓಡಿಸುತ್ತೀಯ ಎಂದರು. ಎದ್ದು ಹೋಗಿ ಆ ರೋಗಿಯ ಬೆನ್ನು ತಟ್ಟಿ ಬಂದೆ.

ಆಮೇಲೆ ದಿನವೂ ಅದೇ ಕ್ರಮ. ಮೊದಲು ಕನ್ನಡದಲ್ಲಿ ಅವ್ವನಿಗೆ, ಆಮೇಲೆ ಉರ್ದುವಿನಲ್ಲಿ ಮಾಸ್ತರರಿಗೆ, ಕಡೆಗೆ ಇಂಗ್ಲಿಷಿನಲ್ಲಿ ಮದರಾಸಿನ ಆ ಪರೀಕ್ಷಕರಿಗೆ. ಬೆಂಚಿನ ಮೇಲಿದ್ದ ಮಾವನನ್ನೇ ಒಳಗೆ ಕರೆದು ಪರೀಕ್ಷಕನ ಜಾಗದಲ್ಲಿ ಕೂರಿಸುತ್ತಿದ್ದೆವು. ಅವನು ಒಂದು ಅಕ್ಷರವೂ ತಿಳಿಯದೆ ಗಂಭೀರವಾಗಿ ತಲೆ ಆಡಿಸುತ್ತಿದ್ದ, ತಲೆ ಆಡಿಸುವುದರಲ್ಲಿ ಅವನು ಯಾವ ಪ್ರೊಫೆಸರನಿಗೂ ಕಡಿಮೆ ಇರಲಿಲ್ಲ. ಕನ್ನಡದಲ್ಲಿ ತೊಳೆದು ಬಂದ ಕಥೆಗೆ ಇಂಗ್ಲಿಷಿನ ಸಣ್ಣ ಸಣ್ಣ ಮಾತುಗಳೇ ಸಾಕಾಗುತ್ತಿದ್ದವು. ತಿಳಿಯದಿದ್ದದ್ದನ್ನು ಮುಚ್ಚಿಡಲು ಮಾತ್ರ ಉದ್ದುದ್ದ ಮಾತು ಬೇಕಾಗುತ್ತದೆ ಎಂಬುದು ನನಗೆ ಗದ್ವಾಲಿನಲ್ಲಿ ಅರ್ಥವಾಯಿತು. ನಿಘಂಟನ್ನು ಮಾವನ ಮಕ್ಕಳಿಗೆ ಆಟಕ್ಕೆ ಕೊಟ್ಟೆ.

ಎರಡನೆಯ ಸಲವೂ ಅದೇ ಪರೀಕ್ಷಕರು ಬಂದಿದ್ದರು. ನನ್ನನ್ನು ಗುರುತು ಹಿಡಿದರೆಂದು ಅವರ ಕಣ್ಣಿನಲ್ಲೇ ಕಂಡಿತು. ಇಲ್ಲಿ ಎಡವಿದರೆ ರಾಯಚೂರಿನ ಬಟ್ಟೆ ಅಂಗಡಿಯ ಮನೆ ಎಂಬುದೂ ತಲೆಯಲ್ಲಿತ್ತು. ನನ್ನ ರೋಗಿ ಅಲಂಪುರದ ಕಡೆಯ ಕೂಲಿಯಾಳು. ತೆಲುಗಿನಲ್ಲಿ ಮಾತಾಡಿಸಿ, ಅವನ ಕೈ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಕೂತೆ. ಆಮೇಲೆ ಅಡಿಯಿಂದ ಮುಡಿಯವರೆಗೆ ನೋಡಿದೆ, ಒಂದನ್ನೂ ಬಿಡಲಿಲ್ಲ.

ಹೇಳುವಾಗ ಮೊದಲೆಲ್ಲ ಸರಿಯಾಗಿಯೇ ಹೋಯಿತು. ಎಡ ಪಕ್ಕೆಯ ಕೆಳಗೆ ಕೈಗೆ ಸಿಕ್ಕ ಗಡ್ಡೆಯ ಹತ್ತಿರ ಬಂದಾಗ ನಿಂತುಬಿಟ್ಟೆ. ತಿಹಾಲ್ ಎಂಬ ಉರ್ದು ಹೆಸರು ಬಂತು, ಗುಲ್ಮ ಎಂಬ ಕನ್ನಡದ ಹೆಸರು ಬಂತು, ಇಂಗ್ಲಿಷಿನ ಹೆಸರು ಬರಲೊಲ್ಲದು. ಮೊದಲಾಗಿದ್ದರೆ ಬಾಯಿಗೆ ಬಂದ ಯಾವುದೋ ಪದ ಓಡಿಸಿ ಮುಂದೆ ಹೋಗುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ ಎಂದು ಹಲ್ಲು ಕಚ್ಚಿ ನಿರ್ಧರಿಸಿದೆ. ರೋಗಿಯ ಹೊಟ್ಟೆಯ ಮೇಲೆ ನನ್ನ ಕೈಯಿಟ್ಟು, ಇದರ ಇಂಗ್ಲಿಷ್ ಹೆಸರು ನನಗೀಗ ಮರೆತಿದೆ ಸಾರ್, ಇದು ಇಲ್ಲಿಂದ ಇಲ್ಲಿಯವರೆಗೆ ಇಳಿದಿದೆ, ಗಟ್ಟಿಯಾಗಿದೆ, ನೋಯುವುದಿಲ್ಲ ಎಂದೆ. ಯಾಕೆ ಇಳಿದಿರಬಹುದು ಎಂದು ಕೇಳಿದರು. ಎರಡು ಕಾರಣ ಹೇಳಿ, ಎರಡರಲ್ಲಿ ಯಾವುದೆಂದು ಇವತ್ತು ಹೇಳಲಾರೆ, ರಕ್ತ ನೋಡಿದ ಮೇಲೆ ಹೇಳುತ್ತೇನೆ ಎಂದೆ. ಅವರು ತಾವೇ ಕೈಯಿಟ್ಟು ನೋಡಿದರು, ನಾನು ತೋರಿಸಿದ ಗೆರೆಗೇ ಅವರ ಬೆರಳೂ ನಿಂತಿತು. ಹೆಸರನ್ನು ನಾನು ಹೇಳುತ್ತೇನೆ ಎಂದು ನಕ್ಕು ಸ್ಪ್ಲೀನ್ ಎಂದರು.

ಪಾಸಾದೆ. ಅಪ್ಪ ತಂತಿ ನೋಡಿ ಕೋರ್ಟಿನಿಂದ ಅರ್ಧಕ್ಕೇ ಎದ್ದು ಬಂದರಂತೆ. ಅವ್ವ ಮತ್ತೆ ಅತ್ತಳಂತೆ, ಈ ಸಲ ಯಾಕೆ ಎಂದು ಕೇಳಿದರೆ ಹೇಳಲಿಲ್ಲವಂತೆ. ಊರಿನಲ್ಲಿ ಒಂದು ದಿನವಿದ್ದು ಹೊಳೆ ದಾಟಿ ಗದ್ವಾಲಿಗೆ ಹೋದೆ. ಮಾವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಪೇಟೆಯ ನಡುವೆಯೇ ನನ್ನನ್ನು ಮೆರವಣಿಗೆ ಮಾಡುವವನ ಹಾಗೆ ದವಾಖಾನೆಗೆ ಕರೆದುಕೊಂಡು ಹೋದ.

ಮಾಸ್ತರರ ಎದುರಿಗೆ ಒಬ್ಬ ಮುದುಕ ಕೆಮ್ಮುತ್ತ ಕೂತಿದ್ದ, ನೇಕಾರರವನು. ಹೊರಗೆ ಇನ್ನೂ ಸಾಲಿತ್ತು. ಅವರು ನನ್ನನ್ನು ನೋಡಿದರು. ಶಾಬಾಸ್ ಎನ್ನುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಕಾದಿದ್ದೆ. ಅವರು ಕುರ್ಚಿಯಿಂದ ಎದ್ದರು, ಕೊರಳಿನ ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟರು, ಮಾವನ ಹೆಗಲ ಮೇಲೆ ಕೈ ಹಾಕಿ, ಬನ್ನಿ ಸಾಹೇಬರೆ, ಚಹಾ ಕುಡಿದು ಬರೋಣ ಎಂದರು. ಇಬ್ಬರೂ ಹೊರಟೇಹೋದರು. ಅಷ್ಟು ದಿನ ಅವರು ಒಬ್ಬ ರೋಗಿಯನ್ನೂ ಪೂರ್ತಿ ನನ್ನೊಬ್ಬಳ ಕೈಗೆ ಬಿಟ್ಟವರಲ್ಲ. ನಾನು ಮೂರ್ಖಳ ಹಾಗೆ ಬಾಗಿಲನ್ನೇ ನೋಡುತ್ತ ನಿಂತೆ. ಕರೆಯೋಣ ಎನ್ನಿಸಿತು. ಕರೆಯಲಿಲ್ಲ, ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಮುದುಕ ನನ್ನ ತಲೆಯ ಮೇಲಿಂದ ಬಾಗಿಲ ಕಡೆ ಕತ್ತು ಉದ್ದ ಮಾಡಿದ. "ಡಾಕ್ಟರ್ ಎಲ್ಲಿ ಹೋದ್ರವಾ?"

ನಾನು ಆ ಕುರ್ಚಿಯಲ್ಲಿ ಕೂತೆ.

"ಡಾಕ್ಟರ್ ಎಲ್ಲೂ ಹೋಗಿಲ್ಲರಿ ಅಜ್ಜಾ, ಇಲ್ಲೇ ಅದಾಳ. ಅಂಗಿ ಬಿಚ್ಚರಿ."